ತಾಯಿಯ ಬರಿ, ತಂದೆಯ ಸರ್‌ನೇಮ್

ಕಳೆದ ಮಳೆಗಾಲದಲ್ಲಿ ಠಾಕುರ್ಲಿಯ ನಮ್ಮ ಮನೆಯಲ್ಲಿ ಒಂದು ಮದುವೆ ಮಾತುಕತೆ ನಡೆಯಿತು. ಹುಡುಗಿ ಡೊಂಬಿವಲಿಯವಳು, ಹುಡುಗ ಕಲ್ಯಾಣದವನು. ಓದು, ಉದ್ಯೋಗ, ಜಾತಕ ಎಲ್ಲವೂ ಕೂಡಿ ಬಂದಿತ್ತು. ಚಹಾ ಕುಡಿಯುವಾಗ ಯಾರೋ ಗಮನಿಸಿದರು, ಇಬ್ಬರ ಸರ್‌ನೇಮೂ ಸುವರ್ಣ! "ಒಂದೇ ಬರಿಯವರು ಅಣ್ಣ-ತಂಗಿ ಆಗ್ತಾರಲ್ಲ" ಎಂದು ಹುಡುಗನ ತಂದೆ ಕಪ್ಪನ್ನು ಕೆಳಗಿಟ್ಟರು.

ಮೂಲೆಯಲ್ಲಿ ಕೂತಿದ್ದ ನನ್ನ ಅತ್ತೆ ಒಂದೇ ಪ್ರಶ್ನೆ ಕೇಳಿದರು: "ಮಕ್ಕಳ ಅಮ್ಮಂದಿರ ಬರಿ ಯಾವುದು?"

ಹುಡುಗನಿಗೂ ಹುಡುಗಿಗೂ ಗೊತ್ತಿರಲಿಲ್ಲ. ಅವರ ತಾಯಂದಿರಿಗೆ ಗೊತ್ತಿತ್ತು. ಒಬ್ಬರದು ಕರ್ಕೇರ, ಇನ್ನೊಬ್ಬರದು ಸಾಲಿಯಾನ್. ಅಲ್ಲಿಗೆ ತಕರಾರು ಮುಗಿಯಿತು, ಮದುವೆಯೂ ಆಯಿತು. ಆದರೆ ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ತುಳುವಿನಲ್ಲಿ ಬರಿ, ಕನ್ನಡದಲ್ಲಿ ಬಳಿ. ಗೋತ್ರದ ಹಾಗೆ ಇದೂ ವಂಶದ ಗುರುತು. ಗೋತ್ರ ತಂದೆಯಿಂದ ಬಂದರೆ ಬರಿ ತಾಯಿಯಿಂದ ಬರುತ್ತದೆ. ಒಂದೇ ಬರಿಯವರು ಮದುವೆಯಾಗಬಾರದು ಎಂಬುದು ನಿಯಮ. ಸುವರ್ಣ, ಕೋಟ್ಯಾನ್, ಸಾಲಿಯಾನ್, ಬಂಗೇರ, ಅಮೀನ್, ಕರ್ಕೇರ, ಕುಂದರ್ ಮೊದಲಾದ ಹೆಸರುಗಳು ಬಿಲ್ಲವರಲ್ಲೂ ಇವೆ, ಮೊಗವೀರರಲ್ಲೂ ಇವೆ. ಶೆಟ್ಟಿ, ಪೂಜಾರಿ ಎಂಬವು ಬರಿಗಳಲ್ಲ. ಒಂದು ಪದವಿಯ ಹೆಸರು, ಇನ್ನೊಂದು ದೈವದ ಸೇವೆಯಿಂದ ಬಂದ ಹೆಸರು. ಅವುಗಳ ಹಿಂದೆಯೂ ತಾಯಿ ಕೊಟ್ಟ ಬರಿ ಇದ್ದೇ ಇರುತ್ತದೆ.

ಇದಕ್ಕೆ ಅಳಿಯಸಂತಾನ ಕಟ್ಟೇ ಬುಡ. ಭೂತಾಳ ಪಾಂಡ್ಯನ ಹೆಂಡತಿ ತನ್ನ ಮಗನನ್ನು ಬಲಿಗೆ ಕೊಡಲೊಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಮುಂದೆ ಬಂದಳು, ಅಂದಿನಿಂದ ಆಸ್ತಿ ಸೋದರಳಿಯನಿಗೆ ಎಂಬ ಐತಿಹ್ಯವನ್ನು ನಮ್ಮ ಅಜ್ಜಿಯರೆಲ್ಲ ಹೇಳಿದವರೇ. ಮದ್ರಾಸ್ ಸರಕಾರ 1949ರಲ್ಲಿ ಈ ಪದ್ಧತಿಗೊಂದು ಕಾಯಿದೆ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಮಕ್ಕಳಿಗೂ ಪಾಲು ಸಿಕ್ಕಿತು. ಆಸ್ತಿಯ ದಾರಿ ಬದಲಾದರೂ ಬರಿ ತಾಯಿಯ ಕಡೆಯೇ ಉಳಿಯಿತು.

ಆ ದಾರಿ ಮಸುಕಾದದ್ದು ನಾವು ಮುಂಬಯಿಗೆ ಬಂದ ಮೇಲೆ. ಊರಲ್ಲಿ ಒಂದು ಇನಿಶಿಯಲ್, ಒಂದು ಹೆಸರು ಸಾಕಾಗುತ್ತಿತ್ತು. ಇಲ್ಲಿ ಶಾಲೆ, ಗಿರಣಿ, ರೇಶನ್ ಕಾರ್ಡು ಎಲ್ಲದರಲ್ಲೂ ಮೂರು ಖಾನೆ: ಸ್ವಂತ ಹೆಸರು, ತಂದೆಯ ಹೆಸರು, ಆಡ್‌ನಾವ್. ಹಗಲು ಹೊಟೇಲಿನಲ್ಲಿ ದುಡಿದು ಸಂಜೆ ರಾತ್ರಿಶಾಲೆಗೆ ಹೋದ ಹುಡುಗರು ಮೂರನೆಯ ಖಾನೆಗೆ ತೋಚಿದ್ದನ್ನು ತುಂಬಿದರು. ಹಾಗಾಗಿಯೇ ಒಂದೇ ಮನೆಯ ಅಣ್ಣ ಪೂಜಾರಿ, ತಮ್ಮ ಕೋಟ್ಯಾನ್ ಆದ ಉದಾಹರಣೆಗಳು ನಮ್ಮ ನಡುವೆ ಬೇಕಾದಷ್ಟಿವೆ. ಬರಿಯನ್ನು ಬರೆಸಿದವರು ತಾಯಿ ಕೊಟ್ಟ ಹೆಸರನ್ನೇ ಬರೆಸಿದರು. ಆದರೆ ಅವರ ಮಕ್ಕಳ ಸರದಿ ಬಂದಾಗ ಅದೇ ಹೆಸರು ತಂದೆಯಿಂದ ಇಳಿಯಿತು. ಒಂದೇ ತಲೆಮಾರಿನಲ್ಲಿ ತಾಯಿಯ ಗುರುತು ತಂದೆಯ ಗುರುತಾಗಿಬಿಟ್ಟಿತು.

ಹೆಸರಿಗೆ ಹೀಗಾಗುವುದು ನಮ್ಮಲ್ಲಿ ಮಾತ್ರವಲ್ಲ. ಐರ್ಲೆಂಡಿನಲ್ಲಿ 'ಓ' ಎಂದರೆ ವಂಶದವನು, 'ಮ್ಯಾಕ್' ಎಂದರೆ ಮಗ. ಓಬ್ರಿಯನ್ ಎಂಬವರು 1014ರ ಕ್ಲಾಂಟಾರ್ಫ್ ಕದನದಲ್ಲಿ ಮಡಿದ ರಾಜ ಬ್ರಿಯನ್ ಬೋರುವಿನ ವಂಶದವರು. ಇಂಗ್ಲಿಷರ ಆಳ್ವಿಕೆಯಲ್ಲಿ ಅನೇಕರು ಈ ಓ, ಮ್ಯಾಕ್‌ಗಳನ್ನು ಬಿಟ್ಟರು. 19ನೇ ಶತಮಾನದ ಕೊನೆಗೆ ಐರಿಷ್ ಭಾಷೆಯ ಅಭಿಮಾನ ಮರಳಿದಾಗ ಎಷ್ಟೋ ಮನೆಗಳು ಅವನ್ನು ಮತ್ತೆ ಸೇರಿಸಿಕೊಂಡವು. ಬಿಟ್ಟದ್ದು ಏನೆಂದು ನೆನಪಿದ್ದುದರಿಂದ ಅದು ಸಾಧ್ಯವಾಯಿತು.

ನಮಗೆ ನೆನಪಿದೆಯೇ? ನನ್ನ ಮಗಳು ಶಾಲೆಯ ದಾಖಲೆಯಲ್ಲಿ ಅಮೀನ್. ಬರಿಯಲ್ಲಿ ಅವಳು ತನ್ನ ತಾಯಿಯಂತೆ ಕುಂದರ್. ಅತ್ತೆ ಆ ಪ್ರಶ್ನೆ ಕೇಳುವವರೆಗೆ ನಾನು ಅದನ್ನು ಅವಳಿಗೆ ಹೇಳಿರಲೇ ಇಲ್ಲ. ಒಂದೇ ಸರ್‌ನೇಮ್ ಕಂಡು ಒಳ್ಳೆಯ ಸಂಬಂಧ ಮುರಿಯುವುದು ಒಂದು ಕಡೆ. ಸರ್‌ನೇಮ್ ಬೇರೆ ಬೇರೆ ಇದೆಯೆಂದು ಮುಂದುವರಿದು, ತಾಯಂದಿರ ಬರಿ ಒಂದೇ ಎಂದು ಮುಹೂರ್ತದ ಹೊತ್ತಿಗೆ ಗೊತ್ತಾಗಿ ಹಿರಿಯರು ಪೇಚಾಡುವುದು ಇನ್ನೊಂದು ಕಡೆ. ಈ ಕಾಲದಲ್ಲಿ ಬರಿ ನೋಡಲೇಬೇಕೇ ಎಂದು ಕೇಳುವವರಿದ್ದಾರೆ. ನೋಡುವುದು ಬಿಡುವುದು ಅವರವರ ಇಷ್ಟ. ಆದರೆ ಅಜ್ಜಿ, ಮುತ್ತಜ್ಜಿಯರ ಸಾಲು ಉಳಿದಿರುವುದು ಈ ಒಂದು ಪದದಲ್ಲಿ. ಅದು ಅಳಿದರೆ ಅವರ ಗುರುತು ಬೇರೆಲ್ಲೂ ಸಿಗದು.

2024ರಲ್ಲಿ ಮಹಾರಾಷ್ಟ್ರ ಸರಕಾರ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಸರ್‌ನೇಮ್ ಎಂಬ ಕ್ರಮ ತಂದಿತು. ತಾಯಿಗೆ ಖಾನೆ ಸಿಕ್ಕಿತು, ಸಂತೋಷ. ಆದರೆ ಅಲ್ಲಿ ಬರುವುದು ಅವಳ ಹೆಸರು, ಅವಳ ಬರಿಯಲ್ಲ. ಬರಿಯನ್ನು ನಾವೇ ಬರೆದಿಡಬೇಕು.

ಈ ಭಾನುವಾರ ಊರಿಗೆ ಫೋನು ಮಾಡಿದಾಗ ಮಳೆ ಹೇಗಿದೆ ಎಂದು ಕೇಳಿದ ಮೇಲೆ ಇದನ್ನೂ ಕೇಳಿ: ಅಮ್ಮನ ಬರಿ ಯಾವುದು, ಅವರ ಕುಟುಂಬದ ಮನೆ ಎಲ್ಲಿದೆ? ಉತ್ತರವನ್ನು ಮಕ್ಕಳ ಜನನ ಪತ್ರ ಇರುವ ಫೈಲಿನಲ್ಲೇ ಇಡಿ. ನಾನು ಇಟ್ಟಿದ್ದೇನೆ. ಚೀಟಿ ಓದಿದ ಮಗಳು ಕೇಳಿದಳು, "ಹಾಗಾದ್ರೆ ನಾನು ಅಮ್ಮನ ಕಡೆಯವಳಾ?" ಒಳಗಿನಿಂದ ಅವಳ ಅಮ್ಮ ಉತ್ತರಿಸಿದಳು, "ಮತ್ತೆ?"