ಒಂದು ಭಾನುವಾರ, ನಾಲ್ಕು ಕರೆ: ಮನೆ, ಊರು, ಸಂಘ ಮೂರನ್ನೂ ಹೊಂದಿಸುವುದು ಹೇಗೆ?



ಕಾರ್ತಿಕ ಮಾಸದ ಒಂದು ಭಾನುವಾರವನ್ನು ನೆನಪಿಸಿಕೊಳ್ಳಿ. ಸಾನಮಾವಿನ ಒಂದು ಕನ್ನಡ ಮನೆ. ಆನೇಕಲ್ ಕಡೆ ಅತ್ತೆಯ ಮಗಳ ಮದುವೆ. ಪಕ್ಕದೂರಿನಲ್ಲಿ ದಾಯಾದಿಯೊಬ್ಬರ ಹನ್ನೊಂದನೇ ದಿನದ ಕಾರ್ಯ. ಊರಲ್ಲಿ ದೇವರ ಉತ್ಸವದ ವಂತಿಗೆ ಲೆಕ್ಕ ಹಾಕುವ ಸಭೆ. ಸಂಜೆ ಹೊಸೂರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವ. ಮನೆಯಲ್ಲಿರುವವರು ನಾಲ್ಕೇ ಜನ. ಮಗನಿಗೆ ಸಿಪ್ಕಾಟ್ ಕಾರ್ಖಾನೆಯಲ್ಲಿ ಎರಡನೇ ಶಿಫ್ಟ್. ಕೊಟ್ಟಿಗೆಯಲ್ಲಿ ಹಾಲು ಕರೆಯಬೇಕಾದ ಎರಡು ಹಸು. ಹೊಲದಲ್ಲಿ ಕೊಯ್ಲಿಗೆ ಬಂದ ರಾಗಿ.

"ಕಾರ್ಯಕ್ರಮಕ್ಕೆ ಯಾಕೆ ಬರಲಿಲ್ಲ?" ಎಂದು ನಾವು ಸಂಘದವರು ಸುಲಭವಾಗಿ ಕೇಳಿಬಿಡುತ್ತೇವೆ. ಬರಲಾಗದವರು ಮುಂದಿನ ಸಲ ಸಿಕ್ಕಾಗ ತಲೆ ತಗ್ಗಿಸುತ್ತಾರೆ. ಇದು ಸರಿಯಲ್ಲ ಎಂದು ನಮಗೀಗ ಅನ್ನಿಸಿದೆ. ಈ ಕರೆಗಳೆಲ್ಲ ಎಲ್ಲಿಂದ ಬರುತ್ತವೆ, ಯಾಕೆ ಒಂದೇ ದಿನ ಬಂದು ಬೀಳುತ್ತವೆ, ಹಿರಿಯರು ಇವನ್ನು ಹೇಗೆ ತೂಗುತ್ತಿದ್ದರು ಎಂಬುದನ್ನು ವಿವರಿಸಲು ಈ ಲೇಖನ. ಕೊನೆಯಲ್ಲಿ ಸಂಘ ಮಾಡಿಕೊಂಡಿರುವ ಕೆಲವು ಬದಲಾವಣೆಗಳನ್ನೂ ತಿಳಿಸಿದ್ದೇವೆ.

ಮುಯ್ಯಿ, ಮೊಯ್, ಚದಿವಿಂಪು

ನಮ್ಮ ಕಡೆ ಮದುವೆ ಮನೆಯ ಬಾಗಿಲಲ್ಲಿ ಒಂದು ಮೇಜು, ಒಂದು ನೋಟ್‌ಬುಕ್, ಬರೆಯಲು ಬಲ್ಲ ಒಬ್ಬರು ಇದ್ದೇ ಇರುತ್ತಾರೆ. ಹೆಸರು, ಊರು, ಮೊತ್ತ. ಕನ್ನಡದವರು ಅದನ್ನು ಮುಯ್ಯಿ ಎನ್ನುತ್ತೇವೆ, ತಮಿಳರು ಮೊಯ್ ಎನ್ನುತ್ತಾರೆ, ತೆಲುಗಿನವರು ಚದಿವಿಂಪು ಎನ್ನುತ್ತಾರೆ. ಹೊಸೂರು ಸೀಮೆಯಲ್ಲಿ ಒಂದೇ ಪುಸ್ತಕದಲ್ಲಿ ಮೂರು ಭಾಷೆಯ ನೆಂಟರು, ನೆರೆಯವರು ಸಾಲಾಗಿ ಕುಳಿತಿರುತ್ತಾರೆ.

ಮುಯ್ಯಿ ದಾನವಲ್ಲ. ಇಂದು ನಮ್ಮ ಮನೆಗೆ ಬಂದದ್ದು ನಾಳೆ ಅವರ ಮನೆಗೆ ಹೋಗಬೇಕು. ಅದಕ್ಕೇ ಪುಸ್ತಕವನ್ನು ಒಡವೆಯ ಜೊತೆ ಪೆಟ್ಟಿಗೆಯಲ್ಲಿ ಇಡುತ್ತಾರೆ. ನೂರಕ್ಕೆ ಒಂದು, ಐನೂರಕ್ಕೆ ಒಂದು ರೂಪಾಯಿ ಸೇರಿಸಿ ಕೊಡುವ ಪದ್ಧತಿಗೆ ಹಿರಿಯರು ಹೇಳುವ ಕಾರಣವೂ ಇದೇ: ಲೆಕ್ಕ ಸೊನ್ನೆಗೆ ಬಂದು ನಿಲ್ಲಬಾರದು, ಮುಂದುವರಿಯಬೇಕು.

ಹಣಕ್ಕಿಂತ ಹಳೆಯದು ಮುಯ್ಯಾಳು. ನಿಮ್ಮ ರಾಗಿ ಕಳೆಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಮ್ಮ ಕೊಯ್ಲಿಗೆ ನಿಮ್ಮ ಮನೆಯಿಂದ ಇಬ್ಬರು. ಅಲ್ಲಿ ಕೂಲಿಯ ಮಾತೇ ಇಲ್ಲ. 1970ರ ದಶಕದಲ್ಲಿ ಹೊಸೂರಿಗೆ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದ ಮೇಲೆ ಈ ಲೆಕ್ಕ ಏರುಪೇರಾಯಿತು. ಕಾರ್ಖಾನೆಗೆ ಹೋಗುವವನ ಕೈಯಲ್ಲಿ ತಿಂಗಳಿಗೆ ಸಂಬಳ ಇದೆ, ಆದರೆ ಕೊಡಲು ದಿನ ಇಲ್ಲ. ಹೊಲದಲ್ಲಿ ದುಡಿಯುವವನ ಹತ್ತಿರ ದಿನ ಇದೆ, ಆದರೆ ಐನೂರೊಂದು ಹೊಂದಿಸುವುದು ಕಷ್ಟ. ಒಬ್ಬನು ದಿನದಿಂದ ತೀರಿಸುತ್ತಿದ್ದುದನ್ನು ಇನ್ನೊಬ್ಬನು ಹಣದಿಂದ ತೀರಿಸುತ್ತಾನೆ. ಇಬ್ಬರಿಗೂ ತಾವೇ ಹೆಚ್ಚು ಕೊಟ್ಟೆವು ಎನ್ನಿಸುತ್ತದೆ. ಈಗಿನ ಎಷ್ಟೋ ಮುನಿಸುಗಳ ಬೇರು ಇಲ್ಲಿದೆ.

ಮನೆ ಒಡೆದಾಗ ಪುಸ್ತಕ ಬೆಳೆಯುತ್ತದೆ

"ಈಗಿನ ಕಾಲದಲ್ಲಿ ಕಾರ್ಯಗಳು ಜಾಸ್ತಿಯಾದವು" ಎಂದು ನಾವೆಲ್ಲ ಹೇಳುತ್ತೇವೆ. ಕಾರ್ಯಗಳು ಸ್ವಲ್ಪ ಹೆಚ್ಚಿರಬಹುದು. ಆದರೆ ಹೆಚ್ಚು ಬದಲಾದದ್ದು ಮನೆಗಳ ಎಣಿಕೆ.

ಅಜ್ಜನ ಕಾಲದಲ್ಲಿ ನಾಲ್ಕು ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರು. ಮುಯ್ಯಿ ಪುಸ್ತಕದಲ್ಲಿ ಅದು ಒಂದೇ ಸಾಲು. ಮದುವೆಗೆ ಒಬ್ಬರು, ತಿಥಿಗೆ ಒಬ್ಬರು, ಊರಹಬ್ಬಕ್ಕೆ ಒಬ್ಬರು ಹೋದರೂ ಹಸು ಕರೆಯಲು, ಹೊಲ ಕಾಯಲು ಮನೆಯಲ್ಲಿ ಜನ ಉಳಿಯುತ್ತಿದ್ದರು. ಭಾಗವಾದ ಮೇಲೆ ಅದೇ ಮನೆ ನಾಲ್ಕು ಸಾಲಾಯಿತು. ನಾಲ್ಕು ಮುಯ್ಯಿ ಬರೆಸಬೇಕು, ನಾಲ್ಕೂ ಕಡೆಯಿಂದ ಮುಖ ತೋರಿಸಬೇಕು. ಒಂದೊಂದು ಮನೆಯಲ್ಲಿ ಓಡಾಡಬಲ್ಲವರು ಇಬ್ಬರು. ಕರೆ ನಾಲ್ಕು ಪಾಲಾಯಿತು, ಆಳು ಕಾಲು ಪಾಲಾಯಿತು.

ಈ ಹೊರೆ ಹೆಚ್ಚಾಗಿ ಬೀಳುವುದು ಹೆಂಗಸರ ಮೇಲೆ. ಸೊಸೆಗೆ ಗಂಡನ ಮನೆಯ ಕಾರ್ಯವೂ ಇದೆ, ತವರಿನದೂ ಇದೆ. ಗಂಡನ ಕಡೆಯದು ತಪ್ಪಿದರೆ ಅತ್ತೆಗೆ ಬೇಸರ. ತವರಿನದು ತಪ್ಪಿದರೆ ಅವಳಿಗೇ ಬೇಸರ, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಂದಿನ ದಿನದ ಚಪ್ಪರಕ್ಕೆ ಹೋಗಬೇಕೆಂದರೆ ಸಂಜೆ ಹಾಲು ಕರೆಯುವವರು ಯಾರು ಎಂಬ ಪ್ರಶ್ನೆಗೂ ಅವಳೇ ಉತ್ತರ ಹುಡುಕಬೇಕು.

ಎರಡು ಪಂಚಾಂಗ, ಒಂದು ಗಡಿ

ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ. ನಾವು ಕನ್ನಡ, ತೆಲುಗು ಮನೆಗಳವರು ಚಾಂದ್ರಮಾನದ ಆಷಾಢದಲ್ಲಿ ಮದುವೆ ಮಾಡುವುದಿಲ್ಲ. ತಮಿಳು ನೆರೆಯವರು ಸೌರಮಾನದ ಆಡಿ ತಿಂಗಳಲ್ಲಿ ಮಾಡುವುದಿಲ್ಲ. ಇವೆರಡೂ ಒಂದೇ ಅಲ್ಲ. 2025ರಲ್ಲಿ ಶ್ರಾವಣ ಜುಲೈ 25ಕ್ಕೆ ಶುರುವಾಯಿತು, ಆಡಿ ಮುಗಿದದ್ದು ಆಗಸ್ಟ್ 16ಕ್ಕೆ. ನಮ್ಮವರ ಲಗ್ನ ಆರಂಭವಾದಾಗ ಅವರದು ಇನ್ನೂ ನಿಂತಿತ್ತು. ಎರಡೂ ಕಡೆ ನಂಟಿರುವ ಮನೆಗೆ ಬಿಡುವು ಕಡಿಮೆ, ಓಡಾಟ ಹೆಚ್ಚು. ಧನುರ್ಮಾಸದಲ್ಲಿ ಮಾತ್ರ ಇಬ್ಬರಿಗೂ ವಿರಾಮ. ಅದಕ್ಕೆ ಮುಂಚೆ ಮುಗಿಸಬೇಕೆಂದು ಕಾರ್ತಿಕದ ಭಾನುವಾರಗಳಲ್ಲಿ ಎಲ್ಲರ ಮುಹೂರ್ತವೂ ಒಟ್ಟಿಗೆ ಬಂದು ಕೂರುತ್ತದೆ.

ಬಸ್ಸಿನ ವಿಷಯವೂ ಹಾಗೆಯೇ. ತಮಿಳುನಾಡಿನಲ್ಲಿ 2021ರಿಂದ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಕರ್ನಾಟಕದಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಆದರೆ ಅದು ಆ ರಾಜ್ಯದ ನಿವಾಸಿಗಳಿಗೆ. ನಮ್ಮ ಕಡೆಯ ಅಕ್ಕ ಹೊಸೂರಿನವರೆಗೆ ಟಿಕೆಟ್ ಇಲ್ಲದೆ ಬರುತ್ತಾಳೆ, ಅತ್ತಿಬೆಲೆ ದಾಟಿ ತವರಿಗೆ ಹೋಗಲು ದುಡ್ಡು ಕೊಡುತ್ತಾಳೆ. ಪಕ್ಕದ ಸೀಟಿನಲ್ಲಿರುವ ಅವಳ ಸ್ವಂತ ತಂಗಿ ಕೊಡುವುದಿಲ್ಲ. ರಾಜ್ಯಗಳ ನಡುವಿನ ಗೆರೆ ಬೀಗತನವನ್ನು ಕಡಿಯಲಿಲ್ಲ ನಿಜ, ಆದರೆ ಬೀಗರ ಮನೆಯ ದಾರಿಗೆ ಹೀಗೆ ಸಣ್ಣ ಸಣ್ಣ ಖರ್ಚು ಸೇರಿಸುತ್ತಲೇ ಇದೆ.

ಆನೆ ಬರುವ ತಿಂಗಳು

ಸಾನಮಾವು ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಹೊಸೂರು–ರಾಯಕೋಟೆ ರಸ್ತೆಯ ಕಾಡು ಮತ್ತು ಆನೆ. ಮಳೆಗಾಲ ಕಳೆದು ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡುಗಳು ತಳಿ, ಜವಳಗಿರಿ, ಡೆಂಕಣಿಕೋಟೆ ಕಾಡುಗಳ ಮೂಲಕ ಸಾನಮಾವಿಗೂ ಬರುತ್ತವೆ. ಕತ್ತಲಾದ ಮೇಲೆ ಒಬ್ಬೊಬ್ಬರೇ ಓಡಾಡಬೇಡಿ ಎಂದು ಅರಣ್ಯ ಇಲಾಖೆಯವರು ಸುತ್ತಲ ಹಳ್ಳಿಗಳಿಗೆ ಎಚ್ಚರಿಕೆ ಕೊಡುತ್ತಾರೆ. ರಾಗಿ ಇರುವವರು ರಾತ್ರಿ ಕಾವಲು ಕೂರುತ್ತಾರೆ. ಕಾವಲು ಸರದಿಯೂ ಒಂದು ಮುಯ್ಯಿಯೇ. ಇಂದು ನೀವು ಬರದಿದ್ದರೆ ನಾಳೆ ನಿಮ್ಮ ಹೊಲಕ್ಕೆ ನೆರೆಯವರು ಬರುವುದು ಹೇಗೆ?

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಒಂದು ನವೆಂಬರ್‌ನಲ್ಲಿ ನಾವು ಸಂಜೆ ಕಾರ್ಯಕ್ರಮ ಇಟ್ಟೆವು. ಭಾಷಣಗಳು ಉದ್ದವಾಗಿ ಎಂಟೂವರೆ ಆಯಿತು. ಸಾನಮಾವು ಕಡೆಯ ಹುಡುಗನೊಬ್ಬ ನಾಟಕದ ಪಾತ್ರಕ್ಕೆಂದು ಕೊನೆಯವರೆಗೂ ಉಳಿದ. ಆ ರಾತ್ರಿ ಕಾವಲಿನ ಸರದಿ ಅವನದಾಗಿತ್ತು ಎಂಬುದು ನಮಗೆ ತಿಳಿದದ್ದು ಮರುದಿನ. ಅವನ ಬದಲು ಎಪ್ಪತ್ತು ದಾಟಿದ ತಂದೆ ಒಬ್ಬರೇ ಹೋಗಿ ಕುಳಿತಿದ್ದರು. ದೇವರ ದಯೆ, ಅವರಿಗೆ ಏನೂ ಆಗಲಿಲ್ಲ. ಅರ್ಧ ಎಕರೆ ರಾಗಿ ಹೋಯಿತು. ಆ ತಂದೆ ನಮ್ಮನ್ನು ಬೈಯಲಿಲ್ಲ. "ಮಗ ಕನ್ನಡದ ಕೆಲಸಕ್ಕೆ ಹೋಗಿದ್ದ ಬಿಡಿ" ಎಂದರು. ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ಚೀನಾದ ಹಳ್ಳಿಯಲ್ಲೂ ಇದೇ ಪುಸ್ತಕ

ಇದು ನಮ್ಮ ಕಡೆ ಮಾತ್ರ ಇರುವ ಪಾಡಲ್ಲ. ಚೀನಾದ ಹಳ್ಳಿಗಳಲ್ಲೂ ಮದುವೆ, ಸಾವು, ಮನೆ ಕಟ್ಟುವುದು ಎಲ್ಲಕ್ಕೂ ಹಣ ಒಯ್ದು ಹೆಸರು ಬರೆಸುವ ಪದ್ಧತಿ ಇದೆ. ಈ ಋಣಕ್ಕೆ ಅವರು ಹೇಳುವ ಮಾತು ರೆನ್‌ಚಿಂಗ್. ಯಾನ್ ಯುನ್‌ಷಿಯಾಂಗ್ ಎಂಬ ಮಾನವಶಾಸ್ತ್ರಜ್ಞರು 1970ರ ದಶಕದಲ್ಲಿ ಹೆಯ್‌ಲೊಂಗ್‌ಜಿಯಾಂಗ್ ಪ್ರಾಂತದ ಷಿಯಾಜಿಯಾ ಹಳ್ಳಿಯಲ್ಲಿ ರೈತರಾಗಿ ದುಡಿದವರು. ಮುಂದೆ ವಿದ್ವಾಂಸರಾಗಿ ಅದೇ ಊರಿಗೆ ಮರಳಿ, ಮನೆಮನೆಯ ಉಡುಗೊರೆ ಪಟ್ಟಿಗಳನ್ನು ಓದಿ 1996ರಲ್ಲಿ ಒಂದು ಪುಸ್ತಕ ಬರೆದರು. ನಮ್ಮ ಮುಯ್ಯಿ ಪುಸ್ತಕವನ್ನು ಕಂಡಿದ್ದರೆ ಅವರಿಗೆ ಏನೂ ಹೊಸದೆನಿಸುತ್ತಿರಲಿಲ್ಲ.

ಅಲ್ಲಿಯೂ ಹಳ್ಳಿಯ ಮಕ್ಕಳು ದೂರದ ಕಾರ್ಖಾನೆಗಳಿಗೆ ಹೋಗುತ್ತಾರೆ, ವಸಂತ ಹಬ್ಬದ ರಜೆಗೆ ಊರಿಗೆ ಬರುತ್ತಾರೆ. ಎಲ್ಲರೂ ಊರಲ್ಲಿರುವುದು ಆಗಲೇ ಎಂದು ಎಷ್ಟೋ ಮದುವೆಗಳನ್ನು ಆ ದಿನಗಳಿಗೇ ಇಡುತ್ತಾರೆ. ವರ್ಷವಿಡೀ ದುಡಿದದ್ದರಲ್ಲಿ ಒಂದು ಪಾಲು ಆ ಕೆಲವು ದಿನಗಳಲ್ಲಿ ಹೋಗುತ್ತದೆ. ಅತಿಯಾದ ವಧುದಕ್ಷಿಣೆ, ಮದುವೆ–ಸಾವಿನ ದುಂದುವೆಚ್ಚಗಳನ್ನು ತಡೆಯಬೇಕೆಂದು ಅಲ್ಲಿನ ಸರ್ಕಾರ 2019ರ ಗ್ರಾಮೀಣ ನೀತಿಯ ಮುಖ್ಯ ದಾಖಲೆಯಲ್ಲೇ ಹೇಳಬೇಕಾಯಿತು.

ಚೀನಾದ ಸಮಾಜಶಾಸ್ತ್ರಜ್ಞ ಫೇಯ್ ಷಿಯಾವೊತುಂಗ್ 1940ರ ದಶಕದಲ್ಲೇ ಒಂದು ಸೂಕ್ಷ್ಮ ಸಂಗತಿಯನ್ನು ಗುರುತಿಸಿದ್ದರು. ಹಳ್ಳಿಯಲ್ಲಿ ಹತ್ತಿರದವರು ಒಬ್ಬರಿಗೊಬ್ಬರು ಸದಾ ಋಣದಲ್ಲಿರುತ್ತಾರೆ. ಲೆಕ್ಕ ಪೂರ್ತಿ ಚುಕ್ತಾ ಮಾಡುವುದೆಂದರೆ ಸಂಬಂಧವನ್ನೇ ಕಡಿದುಕೊಂಡಂತೆ. ನಮ್ಮ ಹಿರಿಯರು ಐನೂರಕ್ಕೆ ಒಂದು ರೂಪಾಯಿ ಸೇರಿಸಿದ್ದರ ಅರ್ಥವೂ ಅದೇ ಅಲ್ಲವೇ? ಹಾಗಾದರೆ ಇದು ಯಾವತ್ತೂ ತೀರುವ ಲೆಕ್ಕವಲ್ಲ. "ಎಲ್ಲವನ್ನೂ ಮುಗಿಸಿ ಹಾಯಾಗಿರುತ್ತೇನೆ" ಎಂದುಕೊಂಡವರು ಸುಸ್ತಾಗುತ್ತಾರೆ. ತೀರಿಸುವ ಚಿಂತೆ ಬಿಟ್ಟು, ಯಾವುದು ಮೊದಲು ಎಂದು ನೋಡಿಕೊಳ್ಳಬೇಕು.

ಹಿರಿಯರ ಕ್ರಮ

ಊರಿನ ಹಿರಿಯರನ್ನು ಕೇಳಿದಾಗ ಅವರು ಹೇಳಿದ ಕ್ರಮ ಹೀಗಿದೆ.

ಮೊದಲನೆಯದು ಸಾವು. ಮದುವೆಗೆ ಕರೆದರೆ ಹೋಗಬೇಕು, ಸಾವಿಗೆ ಕರೆಯದೆಯೂ ಹೋಗಬೇಕು. ಅಂದಿನ ದಿನ ಹೋದವರು ಹನ್ನೊಂದನೇ ದಿನಕ್ಕೆ ತಪ್ಪಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಅಂದು ತಪ್ಪಿದ್ದನ್ನು ಆಮೇಲೆ ಎಷ್ಟು ಹಣ ಕೊಟ್ಟರೂ ತುಂಬಲಾಗದು.

ಎರಡನೆಯದು, ನಾವಿಲ್ಲದೆ ನಡೆಯದ ಕಾರ್ಯ. ಸೋದರಮಾವ ಇಲ್ಲದೆ ಮದುವೆಯ ಶಾಸ್ತ್ರ ಸಾಗುವುದಿಲ್ಲ. ಆದರೆ ದೂರದ ನೆಂಟರ ಮದುವೆಯಲ್ಲಿ ನಾವು ಮುನ್ನೂರರಲ್ಲಿ ಒಬ್ಬರು. ಅಂಥ ಕಡೆಗೆ ಹೋಗುವವರ ಕೈಯಲ್ಲಿ ಮುಯ್ಯಿ ಕಳಿಸಿ, ವಾರದೊಳಗೆ ಒಂದು ಸಂಜೆ ಮನೆಗೆ ಹೋಗಿ ಮಾತಾಡಿಸಿದರೆ ಸಾಕು. ಮದುವೆಯ ಗದ್ದಲದಲ್ಲಿ ಸಿಗದ ಎರಡು ಮಾತು ಆಗ ಸಿಗುತ್ತದೆ.

ಮೂರನೆಯದು, ಮನೆಗೊಬ್ಬರು. ಮನೆಯಿಂದ ಒಬ್ಬರು ಹೋದರೆ ಮನೆಯೇ ಹೋದಂತೆ. ಭಾಗವಾದ ಅಣ್ಣತಮ್ಮಂದಿರು ಮತ್ತೆ ಒಂದಾಗಿ ಈ ವಾರ ನೀನು, ಮುಂದಿನ ವಾರ ನಾನು ಎಂದು ಹಂಚಿಕೊಂಡರೆ ಹಳೆಯ ಒಂದೇ ಸಾಲಿನ ಅನುಕೂಲ ಮರಳಿ ಬರುತ್ತದೆ. ಆಸ್ತಿ ಭಾಗವಾದರೂ ಓಡಾಟ ಭಾಗವಾಗಬೇಕಿಲ್ಲ.

ನಾಲ್ಕನೆಯದು ಹಣ. ಸಾಲ ಮಾಡಿ ಮುಯ್ಯಿ ಬರೆಸಬೇಡಿ. ನಮಗೆ ಬಂದಷ್ಟು, ಕೈಲಾದರೆ ಸ್ವಲ್ಪ ಹೆಚ್ಚು. ಹಣ ಇಲ್ಲದಿದ್ದರೆ ಹಿಂದಿನ ದಿನವೇ ಹೋಗಿ ತರಕಾರಿ ಹೆಚ್ಚಿ, ಬಡಿಸಿ ಬನ್ನಿ. ಮುಯ್ಯಾಳು ಇನ್ನೂ ಚಲಾವಣೆಯಲ್ಲಿರುವ ನಾಣ್ಯ.

ಸಂಘದ ಕಡೆಯಿಂದ

ಈ ಕ್ರಮದಲ್ಲಿ ಸಂಘದ ಜಾಗ ಎಲ್ಲಿ? ಸಾವಿನ ಮುಂದೆ ಅಲ್ಲ, ಸೋದರಮಾವನ ಕರ್ತವ್ಯದ ಮುಂದೆ ಅಲ್ಲ, ರಾಗಿ ಕಾವಲಿನ ಮುಂದೆ ಖಂಡಿತ ಅಲ್ಲ. ಇದನ್ನು ಒಪ್ಪಿ ಕೆಲವು ನಿರ್ಧಾರ ಮಾಡಿದ್ದೇವೆ.

ನವೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮ ಕಾರ್ಯಕ್ರಮಗಳು ಬೆಳಿಗ್ಗೆ ಹತ್ತಕ್ಕೆ ಆರಂಭವಾಗಿ ಮಧ್ಯಾಹ್ನದ ಊಟದೊಂದಿಗೆ ಮುಗಿಯುತ್ತವೆ. ಹಳ್ಳಿಯವರು ಹಗಲಿನಲ್ಲೇ ಮನೆ ಸೇರಬೇಕು. ದಿನಾಂಕ ಗೊತ್ತುಮಾಡುವ ಮುಂಚೆ ಎರಡೂ ಪಂಚಾಂಗ ನೋಡುತ್ತೇವೆ. ಮನೆಗೊಬ್ಬರು ಬಂದರೆ ಪೂರ್ಣ ಹಾಜರಿ ಎಂದೇ ತಿಳಿಯುತ್ತೇವೆ. ಹಾರ, ಶಾಲು, ಸ್ಮರಣಿಕೆಗಳಿಗೆ ಸದಸ್ಯರಿಂದ ಪ್ರತ್ಯೇಕ ಹಣ ಕೇಳುವುದಿಲ್ಲ. ಬಾರದವರನ್ನು "ಯಾಕೆ ಬರಲಿಲ್ಲ" ಎನ್ನುವ ಬದಲು "ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ" ಎಂದು ಕೇಳುತ್ತೇವೆ.

ನಿಮ್ಮಲ್ಲಿ ಒಂದು ಕೋರಿಕೆಯೂ ಇದೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ತಮಿಳು ಕಡ್ಡಾಯ. ತಮಿಳು ಕಲಿಯಲಿ, ಒಳ್ಳೆಯದೇ. ಆದರೆ ಅಜ್ಜನ ಮುಯ್ಯಿ ಪುಸ್ತಕವನ್ನು ಓದಲಾರದ ಮೊಮ್ಮಕ್ಕಳು ನಮ್ಮ ಮನೆಗಳಲ್ಲಿ ಈಗಾಗಲೇ ಇದ್ದಾರೆ. ಯಾರ ಋಣ ತಮ್ಮ ಮೇಲಿದೆ ಎಂದು ಅವರು ಇನ್ನೊಬ್ಬರನ್ನು ಕೇಳಿ ತಿಳಿಯಬೇಕು. ಆದ್ದರಿಂದ ಮುಂದಿನ ಮದುವೆಗೆ, ತಿಥಿಗೆ ಹೋಗುವಾಗ ಒಂದು ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ. ದೊಡ್ಡಪ್ಪ, ಚಿಕ್ಕಮ್ಮ, ಭಾವ, ನಾದಿನಿ ಎಂಬ ಮಾತುಗಳನ್ನು ಆ ಮುಖಗಳನ್ನು ನೋಡುತ್ತಾ ಕಲಿಯಲಿ. ನಿಮ್ಮ ಮನೆಯ ಕಾರ್ಯದಲ್ಲಿ ಮುಯ್ಯಿ ಬರೆಯುವ ಮೇಜಿಗೆ ಕನ್ನಡ ಕಲಿಯುತ್ತಿರುವ ಮಗುವನ್ನು ಕೂರಿಸಿ. ಕಾಗುಣಿತ ತಪ್ಪಿದರೆ ತಪ್ಪಲಿ, ಪಕ್ಕದಲ್ಲಿ ಒಬ್ಬ ಹಿರಿಯರು ಕೂತಿರಲಿ.

ಅಂಥ ಒಂದು ಭಾನುವಾರ ನೀವು ನಮ್ಮ ಕಾರ್ಯಕ್ರಮಕ್ಕೆ ಬರಲಾಗದಿದ್ದರೆ ಸಂಕೋಚ ಬೇಡ. ಸಂಘದ ಕೆಲಸ ಆ ದಿನ ನಿಮ್ಮ ಚಪ್ಪರದ ಕೆಳಗೆ ನಡೆದಿರುತ್ತದೆ.