ತಳದಲ್ಲಿ ಹೆಸರಿಲ್ಲದ ಗೊಂಬೆಗಳು

2025ರ ಜೂನ್‌ನಲ್ಲಿ ಬೀಜಿಂಗ್‌ನ ಹರಾಜೊಂದರಲ್ಲಿ 131 ಸೆಂಟಿಮೀಟರ್ ಎತ್ತರದ ಲಬುಬು ಗೊಂಬೆಯೊಂದು 10.8 ಲಕ್ಷ ಯುವಾನ್‌ಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಒಂದೂಕಾಲು ಕೋಟಿ ರೂಪಾಯಿಯ ಮೇಲೆಯೇ. ಚೂಪು ಹಲ್ಲು, ಮೊಲದ ಕಿವಿಯ ಈ ತುಂಟ ಪಿಶಾಚಿಯನ್ನು ಸೃಷ್ಟಿಸಿದ್ದು ಹಾಂಗ್‌ಕಾಂಗ್ ಮೂಲದ ಕಲಾವಿದ ಕಾಸಿಂಗ್ ಲುಂಗ್, 2015ರಲ್ಲಿ, ಮಕ್ಕಳ ಚಿತ್ರಪುಸ್ತಕಕ್ಕಾಗಿ. ಈಗ ಮಲ್ಲೇಶ್ವರದ ಕಾಲೇಜು ಹುಡುಗಿಯರ ಬ್ಯಾಗಿನಲ್ಲೂ ಅದರ ಅಸಲಿಯೋ ನಕಲಿಯೋ ಒಂದು ತೂಗಾಡುತ್ತಿರುತ್ತದೆ.

ಇವಕ್ಕೆ ಡಿಸೈನರ್ ಟಾಯ್ ಎಂದು ಹೆಸರು. ಮಕ್ಕಳ ಕೈಗೆ ಸಿಗದ, ದೊಡ್ಡವರ ಗಾಜಿನ ಬೀರುವಿನಲ್ಲಿ ಕೂರುವ ಆಟಿಕೆ. 1990ರ ದಶಕದ ಕೊನೆಯಲ್ಲಿ ಹಾಂಗ್‌ಕಾಂಗ್‌ನ ಮೈಕೆಲ್ ಲಾವ್ ಮೊದಲಾದವರು ಶುರು ಮಾಡಿದ ಈ ಖಯಾಲಿಗೆ ಇಂದು ದೇಶದೇಶಗಳಲ್ಲಿ ಜಾತ್ರೆಗಳಿವೆ. ತೈಪೆಯ ಟಾಯ್ ಫೆಸ್ಟಿವಲ್ 2004ರಿಂದ ನಡೆಯುತ್ತಿದೆ. ಅಮೆರಿಕದಲ್ಲಿ ಡಿಸೈನರ್‌ಕಾನ್, ಬ್ಯಾಂಕಾಕಿನಲ್ಲಿ ಥಾಯ್ಲೆಂಡ್ ಟಾಯ್ ಎಕ್ಸ್‌ಪೋ. ಸಂಗ್ರಾಹಕರು ರಜೆ ಹಾಕಿ, ವೀಸಾ ಮಾಡಿಸಿ ಹೋಗುತ್ತಾರೆ. ಗೊಂಬೆ ಮಾಡಿದವರ ಎದುರು ಸರತಿಯಲ್ಲಿ ನಿಂತು ತಳಕ್ಕೆ ಸಹಿ ಹಾಕಿಸಿಕೊಂಡು ಬರುತ್ತಾರೆ. ಪ್ಲಾಸ್ಟಿಕ್ಕಿಗೆ ಬೆಲೆ ಬರುವುದು ಬಹುಪಾಲು ಆ ಸಹಿಯಿಂದ.

ಹೋಗುವವರು ಹೋಗಲಿ, ನನ್ನದೇನೂ ತಕರಾರಿಲ್ಲ. ಆದರೆ ವಿಮಾನದ ಟಿಕೆಟ್ ತೆಗೆಸುವ ಮುಂಚೆ ಒಂದು ಭಾನುವಾರ ಓಕಳಿಪುರಂ ಕಡೆಯ ಬಾಗಿಲಿನಿಂದ ಮೆಜೆಸ್ಟಿಕ್ ರೈಲು ನಿಲ್ದಾಣ ಹೊಕ್ಕು ಮೈಸೂರು ಕಡೆಯ ಗಾಡಿ ಹತ್ತಿ. ಕೆಂಗೇರಿ, ಬಿಡದಿ, ರಾಮನಗರ ದಾಟಿದರೆ ಚನ್ನಪಟ್ಟಣ. ಬೆಂಗಳೂರಿನಿಂದ 60 ಕಿಲೋಮೀಟರ್ ಆಸುಪಾಸು. ಕಾರಿನಲ್ಲಿ ಹೋಗುವವರು ಎಚ್ಚರ: 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಊರನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಹಳೇ ರಸ್ತೆಯ ಇಕ್ಕೆಲದ ಗೊಂಬೆ ಅಂಗಡಿಗಳ ವ್ಯಾಪಾರಕ್ಕೆ ಇದರಿಂದ ಬಿದ್ದ ಪೆಟ್ಟು ಸಣ್ಣದಲ್ಲ.

ಅಂಗಡಿಗಿಂತ ಊರಿನ ಕುಶಲಕರ್ಮಿಗಳ ಬಡಾವಣೆ ಕಲಾನಗರದ ಯಾವುದಾದರೂ ಕಾರ್ಖಾನೆಗೆ ನುಗ್ಗುವುದು ಒಳ್ಳೆಯದು. ಕಾರ್ಖಾನೆ ಎಂದರೆ ಎಷ್ಟೋ ಕಡೆ ಮನೆಯ ಮುಂದಿನ ಒಂದು ಕೋಣೆ, ಎರಡು ಲೇತು, ನೆಲದ ತುಂಬ ಬಿಳಿ ಮರದ ಹೊಟ್ಟು. ಮರ ಆಲೆ ಮರ. ನಯವಾದ, ತಿಳಿ ಬಣ್ಣದ, ಎಳೆ ಕಾಣದಷ್ಟು ಒತ್ತಾದ ಮರ. ಕಡಿದು ತಂದದ್ದನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸದಿದ್ದರೆ ಗೊಂಬೆ ಆಮೇಲೆ ಸೀಳು ಬಿಡುತ್ತದೆ. ಒಣಗಿದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತ ಉಳಿ ಹಿಡಿದರೆ, ನೋಡನೋಡುತ್ತಲೇ ಕತ್ತು ಮೂಡುತ್ತದೆ, ಸೊಂಟ ಮೂಡುತ್ತದೆ. ಅಳತೆಗೆ ಕೈಯಲ್ಲೊಂದು ಕೈವಾರ. ಪಳಗಿದವರಿಗೆ ಅದೂ ಹೆಚ್ಚು, ಕಣ್ಣೇ ಸಾಕು.

ನೋಡಬೇಕಾದದ್ದು ಬಣ್ಣದ ಕೆಲಸ. ಇಲ್ಲಿ ಕುಂಚವಿಲ್ಲ, ಡಬ್ಬಿಯೂ ಇಲ್ಲ. ಅರಗನ್ನು ಕಾಯಿಸಿ, ಬಣ್ಣ ಬೆರೆಸಿ, ಬೆಲ್ಲದ ಪಾಕದ ಹಾಗೆ ಎಳೆದು ಮಡಿಸಿ, ಮತ್ತೆ ಎಳೆದು ಕಡ್ಡಿ ಮಾಡಿಟ್ಟುಕೊಂಡಿರುತ್ತಾರೆ. ಅರಿಶಿನದ ಹಳದಿ, ನೀಲಿ ಗಿಡದ ನೀಲಿ ಬಳಸುವವರೂ ಇದ್ದಾರೆ. ತಿರುಗುವ ಮರಕ್ಕೆ ಈ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಕಾವಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಮೊದಲಿಗೆ ಅದು ಪಟ್ಟೆಪಟ್ಟೆಯಾಗಿ, ಒರಟಾಗಿ ಕಾಣುತ್ತದೆ. ಆಮೇಲೆ ಒಣಗಿದ ತಾಳೆಗರಿಯ ಪಟ್ಟಿಯೊಂದನ್ನು ಮಡಿಸಿ ಒತ್ತುತ್ತಾರೆ. ಒಂದೆರಡು ಉಸಿರು ಬಿಡುವಷ್ಟರಲ್ಲಿ ಮಂಕು ಹೋಗಿ ಗಾಜಿನಂಥ ಹೊಳಪು ಬಂದಿರುತ್ತದೆ. ಹೊಳಪಿಗೆ ಬೇರೆ ವಾರ್ನಿಷ್ ಇಲ್ಲ. ಕೂಸು ಬಾಯಿಗಿಟ್ಟು ಚೀಪಲಿ ಎಂದೇ ಮಾಡಿದ ಗಿಲಕಿಗೆ ಇದಕ್ಕಿಂತ ತಕ್ಕ ಬಣ್ಣ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಕಸುಬಿನ ಚರಿತ್ರೆಯಲ್ಲೂ ಒಂದು ವಿದೇಶ ಪ್ರಯಾಣವಿದೆ. ಪರ್ಷಿಯಾದ ಕುಶಲಕರ್ಮಿಗಳನ್ನು ಟಿಪ್ಪು ಕರೆಸಿದನೆಂಬ ಪ್ರತೀತಿ ಎಲ್ಲರಿಗೂ ಗೊತ್ತು. ಅಷ್ಟಾಗಿ ಹೊರಗಿನವರ ಕಿವಿಗೆ ಬೀಳದ ಹೆಸರು ಬವಾಸ್ ಮಿಯಾನ್. ಚನ್ನಪಟ್ಟಣದ ಗೊಂಬೆಯ ಪಿತಾಮಹ ಎಂದು ಊರು ನೆನೆಯುವುದು ಇವರನ್ನೇ. ಕಳೆದ ಶತಮಾನದ ಆರಂಭದಲ್ಲಿ ಜಪಾನಿನ ಅರಗಿನ ಕೆಲಸದ ತಂತ್ರವನ್ನು ಕಲಿತು ಬಂದು ಇಲ್ಲಿನ ಕೈಗಳಿಗೆ ದಾಟಿಸಿದರು ಎನ್ನುತ್ತಾರೆ.

ಆ ಜಪಾನಿನಲ್ಲಿ ಲೇತಿನ ಗೊಂಬೆಗೆ ಏನಾಯಿತೆಂದು ನೋಡಿದರೆ ನಮ್ಮ ಕೊರತೆ ಕಾಣುತ್ತದೆ. ಉತ್ತರದ ತೊಹೊಕು ಸೀಮೆಯ ಬಿಸಿನೀರ ಬುಗ್ಗೆಗಳ ಊರುಗಳಲ್ಲಿ, ಮರದ ಬಟ್ಟಲು ಕಡೆಯುವವರೇ ಕೊಕೆಶಿ ಎಂಬ ಗೊಂಬೆ ಮಾಡುತ್ತಿದ್ದರು. ಕೈಯಿಲ್ಲ, ಕಾಲಿಲ್ಲ, ದುಂಡು ತಲೆ, ಕೊಳವೆ ಮೈ. ಮಿಂದು ಹೋಗುವ ರೈತರು ಮಕ್ಕಳಿಗೆಂದು ಕೊಳ್ಳುತ್ತಿದ್ದ ಅಗ್ಗದ ಆಟಿಕೆ ಅದು. ಅದರ ಹಿಂದೆ ಸಂಗ್ರಾಹಕರು ಬಿದ್ದರು. 1928ರಲ್ಲಿ ಸೆಂದೈ ನಗರದ ಅಮಾಎ ತೊಮಿಯಾ ಕೊಕೆಶಿಯನ್ನು ಕುರಿತು ಪುಸ್ತಕವನ್ನೇ ಬರೆದ. ಯಾವ ಊರಿನದು, ಯಾರ ಕೈಯದು, ಯಾರ ಶಿಷ್ಯ ಎಂದು ಕೇಳುವವರು ಹುಟ್ಟಿಕೊಂಡರು. ಇಂದು 11 ಸಾಂಪ್ರದಾಯಿಕ ಶೈಲಿಗಳನ್ನು ಎಣಿಸುತ್ತಾರೆ. ಗೊಂಬೆಯ ತಳದಲ್ಲಿ ಮಾಡಿದವರ ಹೆಸರಿರುತ್ತದೆ. ತಲೆ ತಿರುಗಿಸಿದರೆ ಕಿರ್ರೆನ್ನುವ ಕೊಕೆಶಿಯ ಊರು ನಾರುಕೊದಲ್ಲಿ ಸೆಪ್ಟೆಂಬರ್ ಆರಂಭದಲ್ಲಿ ದೇಶಮಟ್ಟದ ಕೊಕೆಶಿ ಹಬ್ಬವೇ ನಡೆಯುತ್ತದೆ. ಗೊಂಬೆಗಾಗಿ ವಿದೇಶಕ್ಕೆ ಹೋಗಲೇಬೇಕೆಂದಿದ್ದರೆ ನನ್ನ ಮತ ಈ ಊರಿಗೆ. ಟೋಕಿಯೊದಿಂದ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಫುರುಕಾವಾಕ್ಕೆ, ಅಲ್ಲಿಂದ ಸಣ್ಣ ರೈಲು.

ಚನ್ನಪಟ್ಟಣಕ್ಕೆ ಗೌರವ ಬರಲಿಲ್ಲವೆಂದಲ್ಲ. 2005–06ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಬಂತು. 2015ರ ಗಣರಾಜ್ಯೋತ್ಸವದಲ್ಲಿ ರಾಜ್ಯದ ಸ್ತಬ್ಧಚಿತ್ರವಾಗಿ ದೆಹಲಿಯ ರಾಜಪಥದಲ್ಲಿ ಮೆರೆಯಿತು. 2020ರ ಆಗಸ್ಟ್‌ನ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಊರಿನ ಹೆಸರೆತ್ತಿದರು. ಅದೇ ವರ್ಷ ಕೇಂದ್ರ ಸರ್ಕಾರ ಆಟಿಕೆಯ ಆಮದು ಸುಂಕವನ್ನು ಶೇ 20ರಿಂದ 60ಕ್ಕೆ ಏರಿಸಿದ್ದರಿಂದ ಚೀನಾ ಮಾಲಿನ ಕಾಟವೂ ತುಸು ತಗ್ಗಿತು. ಆದರೆ ಈ ಎಲ್ಲ ಗೌರವ ಊರಿಗೆ ಸಂದದ್ದು. ಜಿಐ ಮುದ್ರೆ ಗೊಂಬೆ ಯಾವ ಊರಿನದೆಂದು ಹೇಳುತ್ತದೆ, ಯಾರು ಮಾಡಿದ್ದೆಂದು ಹೇಳುವುದಿಲ್ಲ. ಬಸವನಗುಡಿ, ಚಾಮರಾಜಪೇಟೆಯ ಮನೆಗಳಲ್ಲಿ ದಸರಾ ಗೊಂಬೆ ಕೂರಿಸುವವರನ್ನು ಕೇಳಿ ನೋಡಿ: ಪಟ್ಟದ ಗೊಂಬೆ ಯಾವ ಅಜ್ಜಿಯ ತವರಿನಿಂದ ಬಂತೆಂದು ಹೇಳುತ್ತಾರೆ. ಕೆಳಗಿನ ಮೆಟ್ಟಿಲ ಚನ್ನಪಟ್ಟಣದ ಮದುವೆ ದಿಬ್ಬಣ ಮಾಡಿದವರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಗೊಂಬೆಗೆ ನೂರಿನ್ನೂರು ರೂಪಾಯಿಗಿಂತ ಹೆಚ್ಚು ಕೊಡಲು ನಾವು ಹಿಂದೆಮುಂದೆ ನೋಡುವುದಕ್ಕೆ ಇದೂ ಒಂದು ಕಾರಣ ಎಂದೇ ನನಗನ್ನಿಸುವುದು.

ಇದಕ್ಕೆ ಸರ್ಕಾರದ ಯೋಜನೆಗಾಗಿ ಕಾಯಬೇಕಿಲ್ಲ. ಜಪಾನಿನಲ್ಲಿ ಆ ವಾಡಿಕೆ ತಂದವರು ಕೊಳ್ಳುವವರೇ. ಈ ದಸರೆಗೆ ಚನ್ನಪಟ್ಟಣಕ್ಕೆ ಹೋದಾಗ ಕಾರ್ಖಾನೆಯಲ್ಲೇ ಕೊಳ್ಳಿ, ಚೌಕಾಸಿ ಬಿಡಿ. ಮಾಡಿದವರ ಹೆಸರು ಕೇಳಿ, ಅವರ ಕೈಯಲ್ಲೇ ಗೊಂಬೆಯ ತಳಕ್ಕೆ ಹೆಸರು, ಇಸವಿ ಬರೆಸಿಕೊಳ್ಳಿ. ಪೆನ್ನು ನೀವೇ ಒಯ್ಯಿರಿ.