ಗೋಡೆಯೇರುವ ಗಾಳಿಬಂಡಿ

ಸಂಜೆ ದೀಪ ಹೊತ್ತಿಸಿದೊಡನೆ ಹಾಜರಾಗುವ ಹಲ್ಲಿಗೆ ಗೋಡೆಯೂ ಒಂದೇ, ಛಾವಣಿಯೂ ಒಂದೇ. ಅದರ ಬೆರಳುಗಳಲ್ಲಿರುವ ಸೂಕ್ಷ್ಮ ರೋಮಗಳ ಕುಸುರಿಗೆಲಸ ಮನುಷ್ಯನಿಗೆ ಸುಲಭವಾಗಿ ಕೈವಶವಾಗುವಂಥದಲ್ಲ. ಎತ್ತರದ ಕಟ್ಟಡದ ಬಿರುಕನ್ನೋ ಸೇತುವೆಯ ಕಂಬವನ್ನೋ ಪರೀಕ್ಷಿಸಬೇಕಾದಾಗ ಎಷ್ಟೋ ಕಡೆ ಇಂದಿಗೂ ಒಬ್ಬಾತ ಜೀವವನ್ನು ಹಗ್ಗಕ್ಕೆ ಒಪ್ಪಿಸಿ ಜೋತಾಡಬೇಕು. ಅವನ ಬದಲಿಗೆ ಯಂತ್ರವೊಂದನ್ನು ಏರಿಸೋಣವೆಂದರೆ, ಅಯಸ್ಕಾಂತ ಕಬ್ಬಿಣವನ್ನಲ್ಲದೆ ಗಾರೆಯನ್ನು ಹಿಡಿಯದು. ಗಾಳಿಯನ್ನು ಹೀರಿ ಅಂಟಿಕೊಳ್ಳುವ ರಬ್ಬರ್ ಬಟ್ಟಲು ಒರಟು ಇಟ್ಟಿಗೆಯ ಮೇಲೆ ನಿಲ್ಲದು.

ಗೋಡೆಯನ್ನು ಹಿಡಿಯುವ ಗೊಡವೆಯೇ ಬೇಡ, ಗಾಳಿಯೇ ಯಂತ್ರವನ್ನು ಗೋಡೆಗೊತ್ತಲಿ ಎಂದು ಯೋಚಿಸಿದವರುಂಟು. ಜಪಾನಿನ ಮಿಯಾಝಾಕಿ ವಿಶ್ವವಿದ್ಯಾಲಯದ ಅಕಿರಾ ನಿಶಿ ಅವರು 1990ರ ದಶಕದಲ್ಲಿಯೇ ಪ್ರೊಪೆಲರಿನ ಬಲದಿಂದ ಗೋಡೆಯೇರುವ ಯಂತ್ರಗಳನ್ನು ರಚಿಸಿದ್ದರು. 2015ರ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಡಿಸ್ನಿ ಸಂಶೋಧನಾಲಯ ಮತ್ತು ಇ.ಟಿ.ಎಚ್. ವಿದ್ಯಾಲಯಗಳು ಕೂಡಿ ‘ವರ್ಟಿಗೋ’ ಎಂಬ ಪುಟ್ಟ ಬಂಡಿಯನ್ನು ಲೋಕಕ್ಕೆ ತೋರಿಸಿದವು. ನಾಲ್ಕು ಗಾಲಿ, ಕಾರ್ಬನ್ ನಾರಿನ ಹಗುರವಾದ ತಳಹಲಗೆ, ಬೇಕಾದತ್ತ ಓರೆಯಾಗಬಲ್ಲ ಎರಡು ಪ್ರೊಪೆಲರ್. ಅದರ ಸಂಸಾರ ಮುಖ್ಯವಾಗಿ ಇಷ್ಟೇ.

ಗುಟ್ಟೆಲ್ಲ ಆ ಓರೆಯಲ್ಲಿಯೇ ಇದೆ. ಬಂಡಿಯೊಂದರ ತೂಕ 1 ಕಿಲೋ ಎಂದೂ, ಗೋಡೆಗೆ ಒತ್ತಿದ ಬಲದ ಅರ್ಧದಷ್ಟು ಘರ್ಷಣೆ ಗಾಲಿಗೆ ದೊರೆಯುವುದೆಂದೂ ಇಟ್ಟುಕೊಳ್ಳಿ. ಪ್ರೊಪೆಲರುಗಳು ನೇರವಾಗಿ ಗೋಡೆಗೇ ಒತ್ತಿದರೆ, ಬಂಡಿ ಜಾರದಿರಲು 2 ಕಿಲೋದಷ್ಟು ಬಲ ಬೇಕು. ಅವುಗಳನ್ನು ಓರೆಮಾಡಿ, 800 ಗ್ರಾಮಿನಷ್ಟು ಮೇಲಕ್ಕೆತ್ತುವಂತೆಯೂ 400 ಗ್ರಾಮಿನಷ್ಟು ಗೋಡೆಗೊತ್ತುವಂತೆಯೂ ಮಾಡಿದರೆ, ಘರ್ಷಣೆಯ 200 ಗ್ರಾಮು ಸೇರಿ ಲೆಕ್ಕ ಸರಿಹೋಗುತ್ತದೆ. ಓರೆಯಾದ ಬಲ ಒಟ್ಟು ಸುಮಾರು 900 ಗ್ರಾಮು ಮಾತ್ರ. ಗಾಳಿಯಲ್ಲಿ ತೇಲಿ ನಿಲ್ಲುವುದಕ್ಕೇ 1 ಕಿಲೋ ಬೇಕಾಗುತ್ತಿತ್ತು!

ನೆಲದಿಂದ ಗೋಡೆಗೆ ಹತ್ತುವ ಗಳಿಗೆಯೇ ನೋಡತಕ್ಕದ್ದು. ಹಿಂದಿನ ಪ್ರೊಪೆಲರು ಬಂಡಿಯನ್ನು ಗೋಡೆಯತ್ತ ನೂಕುತ್ತದೆ, ಮುಂದಿನದು ಮೂತಿಯನ್ನು ಮೇಲಕ್ಕೆತ್ತುತ್ತದೆ. ಬಂಡಿ ಗೋಡೆಯ ಮೇಲೆ ಮಗುಚಿ ಕುಳಿತುಕೊಳ್ಳುತ್ತದೆ. ಗೋಡೆ ಎಷ್ಟು ದೂರದಲ್ಲಿದೆಯೆಂಬುದನ್ನು ಅವಗೆಂಪು ಕಿರಣಗಳು ಅಳೆಯುತ್ತವೆ. ಯಾವ ಪ್ರೊಪೆಲರು ಎತ್ತ ವಾಲಬೇಕೆಂಬುದನ್ನು ಒಳಗಿನ ಗಣಕ ಕ್ಷಣಕ್ಷಣಕ್ಕೂ ನಿರ್ಧರಿಸುತ್ತದೆ.

ಆದರೆ ಗಾಳಿಯ ನಂಟು ದುಬಾರಿ. ಅಯಸ್ಕಾಂತ ಬಿಡಿಗಾಸಿನ ವಿದ್ಯುತ್ತನ್ನೂ ಕೇಳದೆ ಅಂಟಿಕೊಂಡಿರುತ್ತದೆ. ಪ್ರೊಪೆಲರಿನ ಬಂಡಿಯಾದರೋ ಸುಮ್ಮನೆ ನಿಂತಿರುವಾಗಲೂ ಭೋರ್ಗರೆಯುತ್ತಲೇ ಇರಬೇಕು. ಬ್ಯಾಟರಿ ಬರಿದಾಯಿತೋ, ನೆಲವೇ ಗತಿ. ಇಂಥದನ್ನು ಕಟ್ಟಹೊರಟವರು ಮೊದಲು ಮೇಲಿನಿಂದೊಂದು ಹಗ್ಗ ಇಳಿಬಿಟ್ಟು ಬಂಡಿಯ ಸೊಂಟಕ್ಕೆ ಬಿಗಿಯುವುದು ಕ್ಷೇಮ.